ಸಂಜೀವಯ್ಯನವರ ಪೋರ್ಟಿಕೋ ಗ್ರಾಮರ್

ಕುಮಾರಸ್ವಾಮಿ ಲೇಔಟಿನ ನಮ್ಮ ಅಡ್ಡರಸ್ತೆಯಲ್ಲಿ ಹನ್ನೊಂದು ಮನೆಗಳಿವೆ. ಹತ್ತು ಗೇಟುಗಳ ಮೇಲೆ ಹೆಸರಿನ ಫಲಕಗಳಿದ್ದವು, ಹೆಸರಿನ ಮುಂದೆ ಡಿಗ್ರಿಗಳಿದ್ದವು. ನನ್ನದರಲ್ಲಿ ಬಿ.ಎಸ್‌ಸಿ. ಎಂದಿದೆ. ಪಕ್ಕದ ಮನೆಯ ಉಮಾಮಹೇಶ್ವರಿಯವರ ಫಲಕದಲ್ಲಿ ಗಂಡನ ಡಿಗ್ರಿ, ತಮ್ಮ ಡಿಗ್ರಿ, ಇನ್ನೂ ಓದುತ್ತಿರುವ ಮಗನಿಗೆ ಬರಬೇಕಾದ ಡಿಗ್ರಿ ಮೂರೂ ಇವೆ. ಬೋಳಾಗಿದ್ದದ್ದು ಎದುರುಮನೆಯ ಸಂಜೀವಯ್ಯನವರ ಗೇಟು ಮಾತ್ರ.

ಸಂಜೀವಯ್ಯ ಸರ್ಕಾರಿ ಇಲಾಖೆಯೊಂದರ ಡಿಸ್‌ಪ್ಯಾಚ್ ಸೆಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಇದ್ದು ನಿವೃತ್ತರಾದವರು. ಬಂದ ಪತ್ರಕ್ಕೆ ನಂಬರು ಹಾಕುವುದು, ಹೋಗುವ ಪತ್ರಕ್ಕೆ ಅಂಟು ಹಚ್ಚುವುದು, ಇಷ್ಟೇ ಕೆಲಸ. ಓದು ಎಸೆಸೆಲ್ಸಿ. ಇಂಗ್ಲಿಷಿನಲ್ಲಿ ಮೂವತ್ತೈದು ಅಂಕ, ಅದರಲ್ಲೂ ಮೂರು ಮೇಷ್ಟ್ರು ಧರ್ಮಕ್ಕೆ ಕೊಟ್ಟದ್ದು. ಅವರಿಗಿದ್ದ ಗುಣ ಒಂದೇ, ಯಾರಿಗೂ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಈ ಕಥೆಯ ಅನಾಹುತಗಳಿಗೆಲ್ಲ ಅದೇ ಕಾರಣ.

"ನಮ್ ಗೇಟ್ ನೋಡಿ ಖಾಲಿ ಸೈಟ್ ಅನ್ಕೊಂಡು ಪೋಸ್ಟ್‌ಮ್ಯಾನ್ ಮುಂದಕ್ಕೆ ಹೋಗ್ತಾನೆ. ಹೋಗಿ, ಒಂದು ಬೋರ್ಡ್ ಮಾಡಿಸ್ಕೊಂಡು ಬನ್ನಿ" ಎಂದು ಹೆಂಡತಿ ಸುಧಾಮಣಿ ಅಟ್ಟಿದ ಮೇಲೆ ಸಂಜೀವಯ್ಯ ಬನಶಂಕರಿಯ ಗ್ರಾನೈಟ್ ಅಂಗಡಿಗೆ ಹೋದರು. ಅಂಗಡಿಯವನು ಹೆಸರು ಕೇಳಿದವನೇ ಒಳಗಿನಿಂದ ಧೂಳು ಹಿಡಿದ ಕಲ್ಲೊಂದನ್ನು ಎತ್ತಿಕೊಂಡು ಬಂದ.

"ಸಾರ್, ನಿಮ್ಗೆ ರೆಡಿನೇ ಇದೆ. ಯಾರೋ ಸಂಜೀವಯ್ಯ ಅಂತ ಆರ್ಡರ್ ಕೊಟ್ಟು ವರ್ಷ ಆಯ್ತು, ಆಸಾಮಿ ಪತ್ತೆನೇ ಇಲ್ಲ. ಅರ್ಧ ರೇಟಿಗೆ ತಗೊಂಡ್ಹೋಗಿ."

"ಮುಂದೆ ಎಂ.ಎ. ಇಂಗ್ಲಿಷ್ ಅಂತ ಇದ್ಯಲ್ಲಪ್ಪ?"

"ಅದಕ್ಕೇನೂ ಎಕ್ಸ್‌ಟ್ರಾ ಇಲ್ಲ ಸಾರ್."

ಸಂಜೀವಯ್ಯ ‘ಇಲ್ಲ’ ಎನ್ನಲಾರದೆ ಕಲ್ಲನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬಂದು ಗೇಟಿನ ಕಂಬಕ್ಕೆ ಹಾಕಿಸಿದರು. ಡಿಗ್ರಿಯ ಮೇಲೆ ಒಂದಿಷ್ಟು ಸಿಮೆಂಟು ಮೆತ್ತಿದರಾಯಿತು ಎಂದುಕೊಂಡಿದ್ದರು. ಸಿಮೆಂಟು ತರುವ ಕೆಲಸ ನಾಳೆ ನಾಡಿದ್ದು ಎಂದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ರಸ್ತೆಯವರೆಲ್ಲ ಓದಿ ಮುಗಿಸಿದ್ದರು.

ಮೊದಲು ಓದಿದವರು ಉಮಾಮಹೇಶ್ವರಿ. "ಏನ್ ಸಂಜೀವಯ್ಯನೋರೇ, ಎಂ.ಎ. ಅಂತ ಯಾಕೆ ಹೇಳ್ಲೇ ಇಲ್ಲ? ಯಾವ ಯೂನಿವರ್ಸಿಟಿ? ಕರೆಸ್ಪಾಂಡೆನ್ಸಾ? ಎಂ.ಎ. ಮಾಡ್ಕೊಂಡು ಅಂಟು ಯಾಕೆ ಹಚ್ತಿದ್ರಿ?" ಎಂದು ಉಸಿರು ತೆಗೆದುಕೊಳ್ಳದೆ ಕೇಳಿದರು. ಇಷ್ಟರಲ್ಲಿ ಯಾವುದಕ್ಕೆ ಮೊದಲು ಉತ್ತರ ಹೇಳಬೇಕೆಂದು ತಿಳಿಯದೆ ಸಂಜೀವಯ್ಯ ಸುಮ್ಮನೆ ನಕ್ಕರು. ನಗುವುದನ್ನು ನಮ್ಮ ರಸ್ತೆಯಲ್ಲಿ ವಿನಯ ಎಂದು ಓದುತ್ತಾರೆ. ಅಂದಿನಿಂದ ಅವರು ‘ಎಂ.ಎ. ಸಂಜೀವಯ್ಯ’ ಆದರು.

ಮರುವಾರ ಚರಂಡಿಯ ಚಪ್ಪಡಿ ಒಡೆಯಿತು. ಕನ್ನಡದಲ್ಲಿ ನಾನು ಬರೆದುಕೊಟ್ಟ ಎರಡು ಅರ್ಜಿಗಳು ಏನಾದವೋ ಗೊತ್ತಿಲ್ಲ. ಎಂ.ಎ. ಇರುವಾಗ ಬಿ.ಎಸ್‌ಸಿ. ಏಕೆ ಬರೆಯಬೇಕು ಎಂದು ರಸ್ತೆಯವರೆಲ್ಲ ಸಂಜೀವಯ್ಯನವರ ಕೈಗೆ ಪೆನ್ನು ಕೊಟ್ಟರು. ಅವರು ಮೂವತ್ತನಾಲ್ಕು ವರ್ಷ ಅಂಟು ಹಚ್ಚುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ನೆನೆದು ಬರೆದರು. ಮೇಲೆ ‘ಸಬ್ಜೆಕ್ಟ್’, ಅದರ ಕೆಳಗೆ ‘ರೆಫರೆನ್ಸ್’, ಅದರ ಕೆಳಗೆ ‘ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್, ಪ್ಲೀಸ್ ಡು ದಿ ನೀಡ್‌ಫುಲ್’. ಏನು ನೀಡ್‌ಫುಲ್ ಎಂದು ಎಲ್ಲೂ ಇರಲಿಲ್ಲ. ಮೂರನೆಯ ದಿನ ವಾರ್ಡ್ ಕಚೇರಿಯ ಎಂಜಿನಿಯರ್ ತಾವೇ ಬಂದು ನಿಂತು ಹೊಸ ಚಪ್ಪಡಿ ಹಾಕಿಸಿದರು. "ಇಂಥ ಪರ್ಫೆಕ್ಟ್ ಲೆಟರ್ ಓದಿ ಬಹಳ ವರ್ಷ ಆಗಿತ್ತು ಸಾರ್" ಎಂದು ಸಂಜೀವಯ್ಯನವರ ಕೈ ಕುಲುಕಿ ಹೋದರು. ನಾನು ಒಳಗೆ ಹೋಗಿ ನನ್ನ ಬಿ.ಎಸ್‌ಸಿ. ಸರ್ಟಿಫಿಕೇಟನ್ನು ಒಮ್ಮೆ ನೋಡಿಕೊಂಡೆ.

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ತಮಾಷೆ ಮುಗಿದದ್ದು ಸೊಪ್ಪಿನ ಪಾರ್ವತಮ್ಮ ಬಂದ ದಿನ.

ಪಾರ್ವತಮ್ಮ ಜಯನಗರದ ಪಕ್ಕದ ಸಿದ್ದಾಪುರದಿಂದ ನಮ್ಮ ರಸ್ತೆಗೆ ಸೊಪ್ಪು ತರುವ ಹೆಂಗಸು. ಅಂದು ಒಬ್ಬಳೇ ಬರಲಿಲ್ಲ, ಸೊಸೆಯನ್ನೂ ಕರೆದುಕೊಂಡು ಬಂದಿದ್ದಳು. ಸಂಜೀವಯ್ಯನವರ ಗೇಟಿನ ಮುಂದೆ ಬುಟ್ಟಿ ಇಳಿಸಿ, "ಸಾಮಿ, ಇವ್ಳು ನನ್ ಸೊಸೆ ವನಿತಾ. ಜಯನಗರದ ಆಫೀಸಲ್ಲಿ ಟೆಂಪ್ರವರಿ ಅಟೆಂಡರು. ಕ್ಲರ್ಕ್ ಪರೀಕ್ಸೆ ಎಲ್ಡು ಸಲ ಬರದ್ಲು. ಎಲ್ಲಾದ್ರಲ್ಲೂ ಪಾಸು, ಇಂಗ್ಲೀಸಲ್ಲಿ ಡುಮ್ಕಿ. ಈ ಸಲ ಬುಟ್ರೆ ವಯಸ್ಸು ದಾಟೋಯ್ತದಂತೆ. ನೀವು ಓದಿರೋರು, ಒಸಿ ಏಳ್ಕೊಡಿ ಸಾಮಿ" ಎಂದಳು.

ವನಿತಾ ಮೂವತ್ತೇಳರ ಹೆಂಗಸು, ಪರೀಕ್ಷೆಯ ಗೈಡೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಅದರ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ಹನ್ನೆರಡು ವರ್ಷದಿಂದ ಇತರರ ಟೇಬಲ್ಲಿಗೆ ಫೈಲು ಹೊತ್ತವಳಿಗೆ ತನ್ನದೇ ಒಂದು ಟೇಬಲ್ ಬೇಕಿತ್ತು, ಅಷ್ಟೆ.

ಸಂಜೀವಯ್ಯ ಆಗಲೇ ಸತ್ಯ ಹೇಳಿಬಿಡಬೇಕಿತ್ತು. "ಅಮ್ಮಾ, ಅದು ನೋಡು..." ಎಂದು ಶುರುವನ್ನೂ ಮಾಡಿದರು. ಆದರೆ ಪಾರ್ವತಮ್ಮ ಅಷ್ಟರಲ್ಲಿ ಎರಡು ಕಟ್ಟು ದಂಟಿನ ಸೊಪ್ಪು ಸುಧಾಮಣಿಯವರ ಕೈಗಿತ್ತು, "ದುಡ್ಡು ಬ್ಯಾಡ್ರವ್ವ, ಗುರುಗಳ ಮನೆ" ಎಂದು ಹೊರಟೇಹೋದಳು. ಮಧ್ಯಾಹ್ನ ಸುಧಾಮಣಿ ಅದರಲ್ಲಿ ಮಸ್ಸೊಪ್ಪು ಮಾಡಿದರು. ಸಂಜೀವಯ್ಯ ವಿಷಯ ಮರೆತು ಎರಡು ಸಲ ಬಡಿಸಿಕೊಂಡರು. ಗುರುದಕ್ಷಿಣೆ ಹೊಟ್ಟೆ ಸೇರಿದ ಮೇಲೆ ಗುರುವಾಗದೆ ಬೇರೆ ದಾರಿ ಉಂಟೆ?

ಸಂಜೆ ಐದೂವರೆಗೆ ಪೋರ್ಟಿಕೋದಲ್ಲಿ ಸ್ಕೂಟರ್ ಹೊರಗೆ ತಳ್ಳಿ, ಚಾಪೆ ಹಾಸಿ, ಕಪ್ಪು ಬೋರ್ಡೊಂದನ್ನು ಗೋಡೆಗೆ ಒರಗಿಸಿ, ಮೊದಲ ಪಾಠ ಶುರುವಾಯಿತು. ಸಂಜೀವಯ್ಯ ಗೊತ್ತಿದ್ದುದನ್ನೇ ಧೈರ್ಯವಾಗಿ ಹೇಳಿದರು.

"ನೋಡಮ್ಮ, ಯಾವ ಇಂಗ್ಲಿಷ್ ವಾಕ್ಯಕ್ಕೇ ಆಗ್ಲಿ, ಎರಡು ಭಾಗ. ಒಂದು ಸಬ್ಜೆಕ್ಟ್. ಇನ್ನೊಂದು ರೆಫರೆನ್ಸ್."

ವನಿತಾ ಬರೆದುಕೊಂಡಳು. ಆಮೇಲೆ ಗೈಡ್ ತೆಗೆದು ನೋಡಿ ಮೆಲ್ಲಗೆ, "ಸಾರ್, ಇದ್ರಲ್ಲಿ ಸಬ್ಜೆಕ್ಟು, ಪ್ರೆಡಿಕೇಟು ಅಂತ ಇದೆಯಲ್ಲ?" ಎಂದಳು.

ಸಂಜೀವಯ್ಯ ಆ ಪದವನ್ನು ಜೀವಮಾನದಲ್ಲಿ ಕೇಳಿರಲಿಲ್ಲ. ಆದರೆ ಸರ್ಕಾರಿ ಕೆಲಸ ಅವರಿಗೆ ಒಂದನ್ನು ಚೆನ್ನಾಗಿ ಕಲಿಸಿತ್ತು. "ಪರಿಶೀಲಿಸಿ ನಾಳೆ ತಿಳಿಸ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಆರೂವರೆಗೆ ಸಂಜೀವಯ್ಯ ಕೈಚೀಲ ಹಿಡಿದು ಬಸ್ಸು ಹತ್ತಿದರು. ಹೋದದ್ದು ಸಿದ್ದಾಪುರಕ್ಕೆ. ಅಲ್ಲಿ ಗಿಡಗಳ ನರ್ಸರಿಯೊಂದರ ಮಹಡಿಯ ಮೇಲೆ ಕೆಂಪರಾಜು ಎಂಬ ಮೇಷ್ಟ್ರ ಟ್ಯುಟೋರಿಯಲ್ ಇತ್ತು. ಎಸೆಸೆಲ್ಸಿಯಲ್ಲಿ ಡುಮ್ಕಿ ಹೊಡೆದವರಿಗೆ ಬೆಳಗಿನ ಬ್ಯಾಚು, ಕೆಲಸದ ಪರೀಕ್ಷೆ ಬರೆಯುವವರಿಗೆ ಸಂಜೆಯ ಬ್ಯಾಚು. ಸ್ವಂತ ಹೆಸರು ಕೊಟ್ಟರೆ ಮಾತು ಎಲ್ಲಿಂದೆಲ್ಲಿಗೆ ಹೋಗುವುದೋ ಎಂದು ಹೆದರಿ, ಸಂಜೀವಯ್ಯ ತಂದೆಯ ಹೆಸರು ಕೊಟ್ಟು ‘ಹನುಮಯ್ಯ’ ಎಂದು ಬೆಳಗಿನ ಬ್ಯಾಚಿಗೆ ಸೇರಿದರು. ಇದೆಲ್ಲ ಆಮೇಲೆ ಅವರೇ ನನಗೆ ಹೇಳಿದ್ದು.

ರಸ್ತೆಯವರಿಗೆ ಕಂಡದ್ದು ಇಷ್ಟೇ. ಎಂ.ಎ. ಸಂಜೀವಯ್ಯ ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ ಹೋಗುತ್ತಾರೆ, ಒಂಬತ್ತಕ್ಕೆ ಕೈಯೆಲ್ಲ ಸೀಮೆಸುಣ್ಣ ಮಾಡಿಕೊಂಡು ಬರುತ್ತಾರೆ. ಅರ್ಥವಾಗದವನು ಬೋರ್ಡಿನ ಬಳಿ ಬಾ ಎಂದು ಕೆಂಪರಾಜು ದಿನಾ ಅವರನ್ನೇ ಕರೆಯುತ್ತಿದ್ದುದರ ಸುಣ್ಣ ಅದು. ಉಮಾಮಹೇಶ್ವರಿಯವರು ಮಾತ್ರ, "ಯಾವುದೋ ದೊಡ್ಡ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದಾರೆ, ಹೇಳ್ಕೊಳಲ್ಲ" ಎಂದು ಹಾಲಿನ ಬೂತಿನವರೆಗೂ ಸುದ್ದಿ ಮುಟ್ಟಿಸಿದರು.

ಎರಡನೆಯ ಸಂಜೆ ಸಂಜೀವಯ್ಯ ವನಿತಾಳಿಗೆ ಹೇಳಿದರು. "ನಿನ್ನೆ ಹೇಳಿದ್ದಕ್ಕೆ ಇವತ್ತು ತಿದ್ದುಪಡಿ ಆದೇಶ ಬಂದಿದೆ. ರೆಫರೆನ್ಸ್ ಹೊಡೆದುಹಾಕು. ಸಬ್ಜೆಕ್ಟ್ ಅಂದ್ರೆ ಯಾರ ಬಗ್ಗೆ ಮಾತಾಡ್ತೀವೋ ಅವರು. ಪ್ರೆಡಿಕೇಟ್ ಅಂದ್ರೆ ಅವರ ಬಗ್ಗೆ ಆಡೋ ಮಾತು."

"ಅಂದ್ರೆ ಸಾರ್, ಹಾಲಿನ ಬೂತಲ್ಲಿ ನಿಂತ್ಕೊಂಡು ಆಡ್ತಾರಲ್ಲ, ಹಂಗಾ?"

"ಅದೇ. ಅಲ್ಲಿ ಇಲ್ಲದೇ ಇರೋರು ಸಬ್ಜೆಕ್ಟು. ಉಳಿದಿದ್ದೆಲ್ಲ ಪ್ರೆಡಿಕೇಟು."

ವನಿತಾಳಿಗೆ ಅರ್ಥವಾದಷ್ಟೂ ಪ್ರಶ್ನೆಗಳು ಹೆಚ್ಚಿದವು. ಅವಳು ಸಂಜೆ ಕೇಳಿದ್ದನ್ನು ಸಂಜೀವಯ್ಯ ಚೀಟಿಯಲ್ಲಿ ಬರೆದುಕೊಂಡು ಬೆಳಿಗ್ಗೆ ಕೆಂಪರಾಜು ಮುಂದೆ ಇಡುತ್ತಿದ್ದರು. ಬೆಳಿಗ್ಗೆ ಕೆಂಪರಾಜು ಬೈದುಕೊಂಡು ಹೇಳಿದ ಉತ್ತರವನ್ನು ಬೈಗುಳ ತೆಗೆದು ಸಂಜೆ ಅವಳಿಗೆ ಮುಟ್ಟಿಸುತ್ತಿದ್ದರು. ಕ್ರಮೇಣ ಕೆಂಪರಾಜುವಿನ ಹಾವಭಾವವೂ ಅವರಿಗೆ ಬಂತು. ಪ್ರಶ್ನೆ ಕೇಳಿ ಸೀಮೆಸುಣ್ಣದಿಂದ ತೊಡೆ ತಟ್ಟಿಕೊಳ್ಳುವುದು, ಉತ್ತರ ಸರಿಯಾದರೆ ಎಡಗಣ್ಣು ಮುಚ್ಚುವುದು. ಸುಧಾಮಣಿಯವರಿಗೆ ಪಂಚೆ ಒಗೆದು ಸಾಕಾಯಿತು.

ನಾಲ್ಕು ಬಗೆಯ ವಾಕ್ಯಗಳ ಪಾಠ ಬಂದಾಗ ಮಾತ್ರ ಗುರುಗಳು ಸ್ವಂತ ಬುದ್ಧಿ ಉಪಯೋಗಿಸಿದರು. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂದು ಎಷ್ಟು ಹೇಳಿದರೂ ವನಿತಾಳಿಗೆ ಇಂಗ್ಲಿಷ್ ಹೆಸರುಗಳು ಕಲಸಿಹೋಗುತ್ತಿದ್ದವು. ಸಂಜೀವಯ್ಯ ಸುತ್ತ ನೋಡಿ, ದನಿ ತಗ್ಗಿಸಿದರು. ಅವರು ತಗ್ಗಿಸಿದ ದನಿ ನಮ್ಮ ಮನೆಯ ವರಾಂಡಕ್ಕೆ ಚೆನ್ನಾಗಿ ಕೇಳಿಸುತ್ತದೆ.

"ಇಂಟರಾಗೆಟಿವ್ ಅಂದ್ರೆ ಉಮಾಮಹೇಶ್ವರಿಯೋರು. ಎಕ್ಸ್‌ಕ್ಲಮೇಟರಿ ಅಂದ್ರೆ ನಿಮ್ಮತ್ತೆ, ಅಯ್ಯೋ ಶಿವನೇ ಏನ್ ಬಿಸ್ಲು ಅಂತಾರಲ್ಲ. ಡಿಕ್ಲರೇಟಿವ್ ಅಂದ್ರೆ ಎದುರುಮನೆ ಸೀನು ಸಾರ್. ಯಾರೂ ಕೇಳದೇ ಇದ್ರೂ ಹೇಳ್ತಾನೇ ಇರ್ತಾರೆ. ಇಂಪರೇಟಿವ್ ಅಂದ್ರೆ ನಮ್ಮನೆಯೋರು. ನೀರು ತನ್ನಿ, ಗ್ಯಾಸ್ ಆಫ್ ಮಾಡಿ, ಸುಮ್ನಿರಿ. ಇದ್ರಲ್ಲಿ ಸಬ್ಜೆಕ್ಟು ಕಣ್ಣಿಗೆ ಕಾಣಲ್ಲ. ಆದ್ರೂ ಯಾರು ಅಂತ ಎಲ್ಲರಿಗೂ ಗೊತ್ತು."

"ಸುಮ್ನೆ ಪಾಠ ಮಾಡಿ!" ಎಂದು ಒಳಗಿನಿಂದ ಕೂಗು ಬಂತು.

"ನೋಡ್ದಾ? ಇದೂ ಅದೇ" ಎಂದು ಎಡಗಣ್ಣು ಮುಚ್ಚಿದರು ಗುರುಗಳು.

ವಿಷಯ ತಿಳಿದ ಉಮಾಮಹೇಶ್ವರಿ ಗೇಟಿಗೆ ಬಂದು, "ನಾನು ಪ್ರಶ್ನೆನಾ? ಯಾರ್ ಹೇಳಿದ್ದು? ಯಾಕ್ ಹೇಳಿದ್ದು? ನಾನ್ ಯಾವಾಗ ಪ್ರಶ್ನೆ ಕೇಳ್ದೆ?" ಎಂದು ರೇಗಿದರು. ವನಿತಾ ತಲೆ ಬಗ್ಗಿಸಿ, ನಾಲ್ಕು ಇಂಟರಾಗೆಟಿವ್ ಎಂದು ಬರೆದುಕೊಂಡಳು. ಸೀನು ಸಾರ್ ಎಂಬ ನನ್ನ ಮೇಲಿನ ಅಪವಾದದ ಬಗ್ಗೆ ನಾನಿಲ್ಲಿ ಏನೂ ಹೇಳುವುದಿಲ್ಲ. ನಾನು ಮಾತು ಬೆಳೆಸುವವನಲ್ಲ. ಬಿ.ಎಸ್‌ಸಿ. ಓದುವಾಗಲೂ ಬೆಳೆಸುತ್ತಿರಲಿಲ್ಲ. ಆಫೀಸಿನಲ್ಲೂ ಅಷ್ಟೆ. ಇದನ್ನು ರಸ್ತೆಯ ಎಲ್ಲರಿಗೂ ಒಂದೊಂದು ಸಲ ಹೇಳಿದ್ದೇನೆ, ಸಂಜೀವಯ್ಯನವರಿಗೆ ನಾಲ್ಕು ಸಲ.

ಎರಡು ತಿಂಗಳಲ್ಲಿ ಪೋರ್ಟಿಕೋ ತುಂಬಿತು. ವನಿತಾ ತನ್ನ ವಠಾರದವರಿಗೆ ಹೇಳಿದಳು, ಅವರು ಇನ್ನೊಂದು ವಠಾರಕ್ಕೆ ಹೇಳಿದರು. ಚಾಪೆ ಸಾಲದೆ ನಮ್ಮ ಮನೆಯಿಂದ ಜಮಖಾನೆ ಹೋಯಿತು. ಅತ್ತ ಸಿದ್ದಾಪುರದಲ್ಲಿ ಕೆಂಪರಾಜುವಿನ ಸಂಜೆಯ ಬ್ಯಾಚು ಕರಗುತ್ತ ಬಂತು. ಒಂದು ಬೆಳಿಗ್ಗೆ ಅವರು ಪಾಠ ನಿಲ್ಲಿಸಿ ಅಬ್ಬರಿಸಿದರು.

"ಕುಮಾರಸ್ವಾಮಿ ಲೇಔಟಲ್ಲಿ ಯಾವನೋ ಎಂ.ಎ. ಸಂಜೀವಯ್ಯ ಅಂತೆ! ಬಿಟ್ಟಿ ಪಾಠ ಅಂತೆ! ನನ್ ಸ್ಟೂಡೆಂಟ್ಸ್ ಎಲ್ಲಾ ಅಲ್ಲಿಗೆ ಓಡ್ತಿದ್ದಾರೆ. ಹನುಮಯ್ಯ, ನಿಮ್ ವಯಸ್ಸಿನೋರೇ ಇರ್ಬೇಕು ಅವನು. ಇದು ಸರಿನಾ, ನೀವೇ ಹೇಳಿ."

"ತಪ್ಪು ಸಾರ್. ಬಹಳ ತಪ್ಪು" ಎಂದರು ಹನುಮಯ್ಯನಾಗಿದ್ದ ಸಂಜೀವಯ್ಯ, ಬೆವರು ಒರೆಸಿಕೊಳ್ಳುತ್ತ.

"ಶನಿವಾರ ಹೋಗಿ ಒಂದ್ ಕೈ ನೋಡ್ಕೊಂಡೇ ಬರ್ತೀನಿ."

ಆ ಶನಿವಾರದ ಮಾರನೆಯ ದಿನವೇ ವನಿತಾಳ ಪರೀಕ್ಷೆ. ಅಂದು ಪಾಠಕ್ಕೆ ರಜೆ ಕೊಟ್ಟು ಎಲ್ಲಾದರೂ ಹೋಗಿಬಿಡೋಣ ಎಂದು ಸಂಜೀವಯ್ಯ ಚಪ್ಪಲಿ ಮೆಟ್ಟಿದ್ದರು. ಆದರೆ ಹೊರಗೆ ವನಿತಾ ನಾಲ್ಕೂವರೆಗೇ ಬಂದು ಕುಳಿತಿದ್ದಳು. ಗೈಡಿನ ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತಿದ್ದಳು. "ಸಾರ್, ಎಲ್ಲಾ ಒಂದ್ಸಲ ಮೊದಲಿಂದ ಹೇಳ್ಬಿಡಿ" ಎಂದಳು. ಸಂಜೀವಯ್ಯ ಚಪ್ಪಲಿ ಬಿಟ್ಟರು.

ಪಾಠ ಅರ್ಧಕ್ಕೆ ಬಂದಾಗ ಗೇಟಿನ ಬಳಿ ಕೆಂಪರಾಜು ಬಂದು ನಿಂತರು. ಒಳಗೆ ನೋಡಿ ಅವರ ಬಾಯಿ ತೆರೆದುಕೊಂಡಿತು.

"ಏನ್ರೀ ಹನುಮಯ್ಯ! ನೀವೂ ಇಲ್ಲಿಗೆ ಟ್ಯೂಷನ್ನಿಗೆ ಬಂದ್ಬಿಟ್ರಾ? ಬೋರ್ಡಿನ ಹತ್ರ ಬೇರೆ ನಿಲ್ಸಿದಾನೆ! ಇಲ್ಲೂ ತಪ್ಪು ಹೇಳಿದ್ರಾ? ಎಲ್ಲಿ ಆ ಸಂಜೀವಯ್ಯ, ಕರೀರಿ ಹೊರಗೆ!"

ಪೋರ್ಟಿಕೋದಲ್ಲಿದ್ದವರೆಲ್ಲ ಸಂಜೀವಯ್ಯನವರ ಕಡೆ ತಿರುಗಿದರು. ಕಾಂಪೌಂಡಿನ ಮೇಲಿಂದ ಉಮಾಮಹೇಶ್ವರಿ, "ಹನುಮಯ್ಯ ಯಾರು? ಅವರೇ ಅಲ್ವಾ ಸಂಜೀವಯ್ಯ? ನೀವ್ಯಾರು?" ಎಂದು ತಮ್ಮ ಕರ್ತವ್ಯ ಮಾಡಿದರು.

ಸುಧಾಮಣಿ ಬಾಗಿಲಿಗೆ ಬಂದರು. "ಹೇಳ್ಬಿಡಿ" ಎಂದರು. ಅಷ್ಟೇ.

ಸಂಜೀವಯ್ಯ ಹೇಳಿಬಿಟ್ಟರು. ಕಲ್ಲು ಇನ್ನೊಬ್ಬ ಸಂಜೀವಯ್ಯನದು, ತಮ್ಮದು ಎಸೆಸೆಲ್ಸಿ, ಇಂಗ್ಲಿಷಿನಲ್ಲಿ ಮೂವತ್ತೈದು, ಬೆಳಿಗ್ಗೆ ಹೋಗುತ್ತಿದ್ದದ್ದು ಕೆಂಪರಾಜು ಮೇಷ್ಟ್ರ ಬಳಿ ಕಲಿಯಲು. ಮಾತು ಮುಗಿಯುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ರಸ್ತೆಯವರು ಏನಂದುಕೊಳ್ಳುತ್ತಾರೆಂದಲ್ಲ. ಅವರು ನೋಡುತ್ತಿದ್ದದ್ದು ವನಿತಾಳನ್ನು ಮಾತ್ರ.

ವನಿತಾ ನೋಟ್‌ಬುಕ್ ಎತ್ತಿ ಹಿಡಿದಳು. "ಹಂಗಾದ್ರೆ ಸಾರ್, ನಾನು ಕಲ್ತಿದ್ದೆಲ್ಲ... ನಾಳೆ ನಾನು ಏನಂತ ಬರೀಲಿ?"

ಅದಕ್ಕೆ ಉತ್ತರ ನನ್ನ ಬಳಿಯೂ ಇರಲಿಲ್ಲ ಎಂದರೆ ಪರಿಸ್ಥಿತಿ ಎಂಥದ್ದಿತ್ತೆಂದು ಊಹಿಸಿಕೊಳ್ಳಿ. ಬುಟ್ಟಿ ಹೊತ್ತು ಬಂದ ಪಾರ್ವತಮ್ಮ ಮಾತ್ರ, "ಅಯ್ಯೋ ಶಿವನೇ! ಹಂಗಾರೆ ಇಷ್ಟು ದಿನ ನಾನು ಸೊಪ್ಪು ಕೊಟ್ಟಿದ್ದು ಡುಮ್ಕಿ ಹೊಡ್ದೋರ್ ಮನೆಗಾ!" ಎಂದಳು.

ಕೆಂಪರಾಜು ಗೇಟು ತಳ್ಳಿಕೊಂಡು ಒಳಗೆ ಬಂದು, "ಕೊಡಮ್ಮ ಇಲ್ಲಿ" ಎಂದು ವನಿತಾಳ ನೋಟ್‌ಬುಕ್ ಕಿತ್ತುಕೊಂಡರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಸಂಜೀವಯ್ಯ ಕೈಕಟ್ಟಿ ನಿಂತರು. ಮೊದಲ ಪುಟದಲ್ಲಿ ‘ರೆಫರೆನ್ಸ್’ ಎಂದಿತ್ತು, ಹೊಡೆದುಹಾಕಿತ್ತು. ಪಕ್ಕದಲ್ಲಿ ‘ತಿದ್ದುಪಡಿ ಆದೇಶ’ ಎಂದು ತಾರೀಖು ಸಮೇತ ಬರೆದಿತ್ತು. ಹತ್ತನೆಯ ಪುಟದಲ್ಲಿ ಇನ್ನೊಂದು ತಿದ್ದುಪಡಿ. ಹನ್ನೆರಡರಲ್ಲಿ ‘ಇಂಪರೇಟಿವ್: ಸುಧಾಮಣಿ ಆಂಟಿ’. ಕೆಂಪರಾಜುವಿನ ಮೀಸೆಯೊಳಗೆ ಏನೋ ಅಲುಗಿತು. ಕೊನೆಯ ಪುಟದವರೆಗೆ ತಿರುವಿ, ಪೆನ್ನಿನ ಮುಚ್ಚಳ ಹಾಕಿದರು.

"ಒಂದೇ ಒಂದು ತಪ್ಪಿಲ್ಲ. ಇದ್ದ ತಪ್ಪೆಲ್ಲ ಮಾರನೇ ದಿನ ತಿದ್ದಿದೆ." ಆಮೇಲೆ ಸಂಜೀವಯ್ಯನವರ ಕಡೆ ತಿರುಗಿ, "ದಿನಾ ಬೆಳಿಗ್ಗೆ ಚೀಟಿ ಹಿಡ್ಕೊಂಡು ಬಂದು ನನ್ ತಲೆ ತಿಂತಿದ್ರಲ್ಲ, ಅದೆಲ್ಲ ಈಯಮ್ಮನ ಪ್ರಶ್ನೆನಾ? ನನ್ ಸರ್ವೀಸಲ್ಲೇ ಅಂಥಾ ಪ್ರಶ್ನೆ ಯಾರೂ ಕೇಳಿರಲಿಲ್ಲ ಕಣ್ರೀ!" ಎಂದರು.

"ನಂಗೆ ಬರೋದು ಅದೊಂದೇ ಸಾರ್" ಎಂದರು ಸಂಜೀವಯ್ಯ. "ಮೂವತ್ನಾಲ್ಕು ವರ್ಷ ಅದನ್ನೇ ಮಾಡಿದ್ದು. ಇಲ್ಲಿಂದ ತಗೊಂಡು ಅಲ್ಲಿಗೆ ಮುಟ್ಟಿಸೋದು."

ವನಿತಾ ನೋಟ್‌ಬುಕ್ ವಾಪಸು ಇಸಿದುಕೊಂಡಳು. ಖಾಲಿ ಹಾಳೆ ತೆರೆದು, "ಸಾರ್, ಆರೂವರೆ ಆಗ್ತಾ ಬಂತು. ಅರ್ಧಕ್ಕೆ ನಿಲ್ಸಿದೀರಿ, ಮುಂದಕ್ಕೆ ಹೇಳಿ" ಎಂದಳು. ಇಬ್ಬರು ಮೇಷ್ಟ್ರುಗಳಲ್ಲಿ ಯಾರಿಗೆ ಹೇಳಿದಳೆಂದು ಮೊದಲು ತಿಳಿಯಲಿಲ್ಲ. ಅವಳು ನೋಡುತ್ತಿದ್ದದ್ದು ಸಂಜೀವಯ್ಯನವರನ್ನು. ಕೆಂಪರಾಜು ಚಪ್ಪಲಿ ಬಿಟ್ಟು ನನ್ನ ಜಮಖಾನೆಯ ತುದಿಯಲ್ಲಿ ಕುಳಿತರು. ಸುಧಾಮಣಿ ಅವರಿಗೂ ಕಾಫಿ ತಂದರು. ನನಗೆ ತರಲಿಲ್ಲ.

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ವನಿತಾಳಿಗೆ ಇಂಗ್ಲಿಷಿನಲ್ಲಿ ಎಪ್ಪತ್ತೆರಡು. ಪಾರ್ವತಮ್ಮ ನಮ್ಮ ರಸ್ತೆಯ ಹನ್ನೊಂದು ಮನೆಗೂ ಮೈಸೂರುಪಾಕು ಹಂಚಿದಳು. ಕೆಲವು ತಿಂಗಳ ಮೇಲೆ ವನಿತಾಳಿಗೆ ಹೊಸ ಆಫೀಸಿನಲ್ಲಿ ಟೇಬಲ್ ಸಿಕ್ಕಿತು. ಅದೇ ವಾರ ಕೆಂಪರಾಜು ಬೆಳಗಿನ ಬ್ಯಾಚಿಗೆ ಪರೀಕ್ಷೆ ಇಟ್ಟರು. ಸಂಜೀವಯ್ಯ ಈ ಸಲ ಸ್ವಂತ ಹೆಸರಿನಲ್ಲೇ ಬರೆದರು. ಮೂವತ್ತೊಂದು ಬಂತು. "ಧರ್ಮಕ್ಕೆ ನಾಲ್ಕು ಕೊಡ್ಲಾ?" ಎಂದು ಕೆಂಪರಾಜು ಕೇಳಿದರಂತೆ. ಜೀವಮಾನದಲ್ಲಿ ಮೊದಲ ಬಾರಿ ಸಂಜೀವಯ್ಯ ‘ಬೇಡ’ ಎಂದರಂತೆ.

ಗುರುಗಳ ಮೂವತ್ತೊಂದರ ಸುದ್ದಿ ಸಿದ್ದಾಪುರದ ವಠಾರಕ್ಕೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಸೋಮವಾರ ಸಂಜೆ ವನಿತಾ ಹೊಸ ಆಫೀಸಿನಿಂದ ನೇರವಾಗಿ ಬಂದಳು. ಹೊಸ ಕ್ಲರ್ಕಮ್ಮ ಎಂದು ಉಮಾಮಹೇಶ್ವರಿ ಕುರ್ಚಿ ತರಿಸಿದರು. ಅವಳು ಕೂರಲಿಲ್ಲ. ಸೀದಾ ಹೋಗಿ ಸಂಜೀವಯ್ಯನವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು.

"ನೀವು ಅಲ್ಲಿ ಕೂತ್ಕೊಳ್ಳಿ ಸಾರ್."

ಸಂಜೀವಯ್ಯ ಚಾಪೆಯ ಮೊದಲ ಸಾಲಿನಲ್ಲಿ, ಪರೀಕ್ಷೆ ಬರೆಯಬೇಕಾದ ಹದಿನಾಲ್ಕು ಜನರ ನಡುವೆ ಚಕ್ಕಂಬಟ್ಟಲು ಹಾಕಿ ಕುಳಿತರು. ವನಿತಾ ಸಬ್ಜೆಕ್ಟಿನಿಂದ ಶುರು ಮಾಡಿ ಅರ್ಧ ಗಂಟೆ ಪಾಠ ಹೇಳಿ, "ಯಾರಿಗಾದ್ರೂ ಅರ್ಥ ಆಗ್ಲಿಲ್ವಾ?" ಎಂದು ಕೇಳಿದಳು. ಎಲ್ಲರೂ ಆಯಿತು ಎಂದು ತಲೆಯಾಡಿಸಿದರು. ಆಗದವರೂ ಆಡಿಸಿದರು, ನಾನು ವರಾಂಡದಿಂದ ನೋಡುತ್ತಿದ್ದೆ.

ಮೊದಲ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

"ನಂಗಾಗ್ಲಿಲ್ಲ ಮೇಡಂ" ಎಂದರು ಸಂಜೀವಯ್ಯ, ಮುಖವೆಲ್ಲ ನಗೆಯಾಗಿ. "ಇನ್ನೊಂದ್ಸಲ ಹೇಳಿ."